ಕಿರುಬೆರಳು ಆ ಕಡೆ, ಹೆಬ್ಬೆರಳು ಈ ಕಡೆ: ಭ್ರೂಣದ ಜೀವಕೋಶಕ್ಕೆ ತನ್ನ ಜಾಗ ಗೊತ್ತಾಗುವುದು ಹೇಗೆ?

ಕಾಫಿಪುಡಿ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನ ಮಗಳಿಗೆ ಹೋದ ತಿಂಗಳು ಹೆರಿಗೆ ಆಯಿತು. ಮಗುವಿನ ಎಡಗೈ ಹೆಬ್ಬೆರಳಿಗೆ ಅಂಟಿಕೊಂಡು ಇನ್ನೊಂದು ಪುಟ್ಟ ಹೆಬ್ಬೆರಳಿದೆ. ಅಜ್ಜಿ "ಆರು ಬೆರಳು ಅಂದ್ರೆ ಅದೃಷ್ಟ ಕಣೋ" ಅಂತ ಖುಷಿಯಾಗಿದ್ದಾರೆ. ಅವಳ ಅತ್ತೆ ಮನೆಯವರು ಮಾತ್ರ ಗ್ರಹಣದ ದಿನ ಹೊರಗೆ ಕಾಲಿಟ್ಟಿದ್ದಕ್ಕೇ ಹೀಗಾಯಿತು ಅಂತ ಮುಖ ಗಂಟು ಹಾಕಿಕೊಂಡಿದ್ದಾರೆ. ವೈದ್ಯರು ಮಗು ಆರೋಗ್ಯವಾಗಿದೆ, ಬೆರಳಿನ ವಿಷಯ ಆಮೇಲೆ ನೋಡೋಣ ಅಂದರು.

ನನ್ನ ತಲೆ ಕೊರೆಯುತ್ತಿರುವ ಪ್ರಶ್ನೆ ಬೇರೆ. ಎಲ್ಲಾ ಜೀವಕೋಶದಲ್ಲೂ ಇರೋದು ಒಂದೇ ಡಿಎನ್‌ಎ. ಹಾಗಿದ್ದ ಮೇಲೆ ಈ ಬದಿಯಲ್ಲಿರುವವರು ಹೆಬ್ಬೆರಳಾಗಿ, ಆ ಬದಿಯವರು ಕಿರುಬೆರಳಾಗಿ ಅಂತ ಹೇಳುವವರು ಯಾರು? ಒಂದು ವೀಡಿಯೊ ನೋಡಿದೆ. "ಗ್ರೋತ್ ಫ್ಯಾಕ್ಟರ್ ಗ್ರೇಡಿಯಂಟ್" ಅಂತ ಎರಡು ಮಾತು ಹೇಳಿ ಮುಗಿಸಿಬಿಟ್ಟರು. ಗೊತ್ತಿರುವವರು ಬಿಡಿಸಿ ಹೇಳಿ.

ಮೇಷ್ಟ್ರು_ತಿಪಟೂರು:
ಪಿಯುಸಿ ಮಕ್ಕಳಿಗೆ ಹೇಳುವ ರೀತಿಯಲ್ಲೇ ಹೇಳುತ್ತೇನೆ. ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಹಾಕಿದರೆ ಅಲ್ಲಿ ಘಮ ಜೋರು, ನಡುಮನೆಯಲ್ಲಿ ಸ್ವಲ್ಪ ಕಮ್ಮಿ, ಗೇಟಿನ ಹತ್ತಿರ ಇಲ್ಲವೇ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದರೂ ಘಮದ ಮೇಲೆ ಎಲ್ಲಿದ್ದೇವೆ ಅಂತ ಹೇಳಬಹುದು, ಅಲ್ವಾ? ಭ್ರೂಣದಲ್ಲೂ ಒಂದು ಕಡೆಯ ಕೋಶಗಳು ಗ್ರೋತ್ ಫ್ಯಾಕ್ಟರ್, ಅಂದರೆ ಬೇರೆ ಕೋಶಗಳಿಗೆ ಸಂಕೇತ ಕೊಡುವ ಒಂದು ಪ್ರೋಟೀನನ್ನು ಹೊರಬಿಡುತ್ತವೆ. ಅದು ಹರಡುತ್ತಾ ತೆಳುವಾಗುತ್ತದೆ, ವೀಡಿಯೊದವರು ಗ್ರೇಡಿಯಂಟ್ ಅಂದದ್ದು ಈ ಇಳಿಜಾರನ್ನೇ. ಪ್ರತಿ ಕೋಶವೂ ತನ್ನ ಹತ್ತಿರ ಅದು ಎಷ್ಟಿದೆ ಅಂತ ಅಳೆದು, ಅದಕ್ಕೆ ತಕ್ಕ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಇಂಥ ವಸ್ತುವಿಗೆ ಮಾರ್ಫೋಜೆನ್ ಅಂತ ಹೆಸರಿಟ್ಟವರು ಅಲನ್ ಟ್ಯೂರಿಂಗ್, 1952ರಲ್ಲಿ. ಹೌದು, ಕಂಪ್ಯೂಟರಿನ ಅದೇ ಟ್ಯೂರಿಂಗ್. ಜೀವವಿಜ್ಞಾನಿ ಲೂಯಿಸ್ ವೋಲ್ಪರ್ಟ್ 1969ರಲ್ಲಿ ಇದನ್ನು ಫ್ರಾನ್ಸ್ ಬಾವುಟದ ಚಿತ್ರದಲ್ಲಿ ವಿವರಿಸಿದರು. ಮಾರ್ಫೋಜೆನ್ ಜಾಸ್ತಿ ಇದ್ದಲ್ಲಿ ನೀಲಿ, ನಡುವೆ ಬಿಳಿ, ಕಮ್ಮಿ ಇದ್ದಲ್ಲಿ ಕೆಂಪು. ಮೂರು ಪಟ್ಟೆಗೂ ಒಂದೇ ವಸ್ತು ಸಾಕು, ಬೇಕಾಗಿರೋದು ಎರಡು ಗಡಿ ಅಷ್ಟೇ.

ಪೈಪ್‌ಲೈನ್:
ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ, ಆ ಒಗ್ಗರಣೆ ಉದಾಹರಣೆ ನಿಲ್ಲೋದಿಲ್ಲ. ಬಾಗಿಲು ಕಿಟಕಿ ಮುಚ್ಚಿ ಸ್ವಲ್ಪ ಹೊತ್ತು ಕೂತರೆ ಇಡೀ ಮನೆ ಒಂದೇ ಘಮ. ಆಗ ಯಾರು ಎಲ್ಲಿದ್ದಾರೆ ಅಂತ ಹೇಳುವುದು ಹೇಗೆ? ನಾನು ಕೆಮಿಕಲ್ ಪ್ಲಾಂಟ್‌ನಲ್ಲಿ ಕೆಲಸ ಮಾಡುವವನು. ತಾನಾಗೇ ಹರಡುವ ವಸ್ತುವಿಗೆ ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು ಬೇಕು. ಮಿಲಿಮೀಟರ್ ಲೆಕ್ಕದಲ್ಲಿ ಸರಿ, ಒಂದು ಗೇಣು ಉದ್ದದ ಮಗುವಿನಲ್ಲಿ ಇದು ನಡೆಯುತ್ತದೆ ಅಂದರೆ ನಂಬೋದು ಕಷ್ಟ. ಇನ್ನೊಂದು ವಿಷಯ. ಒಂದು ಕೋಶದ ಸುತ್ತ ಇರುವ ಅಣುಗಳೇ ಕೆಲವು. ಅಷ್ಟು ಕಮ್ಮಿ ಇರುವಾಗ ಎಣಿಕೆ ಏರುಪೇರಾಗುತ್ತಲೇ ಇರುತ್ತದೆ. ಅದನ್ನು ನಂಬಿ ನೀಟಾದ ಗಡಿ ಎಳೆಯುವುದು ಹೇಗೆ?

ಹೊನ್ನಾವರದವಳು:
ಪೈಪ್‌ಲೈನ್ ಸರ್, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ನಾನು ಪಿಎಚ್‌ಡಿಯಲ್ಲಿ ಕೋಳಿ ಭ್ರೂಣದ ರೆಕ್ಕೆಗಳ ಜೊತೆಯೇ ಒದ್ದಾಡಿದವಳು, ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲಾ ಕಡೆ ಒಂದೇ ಮಟ್ಟಕ್ಕೆ ಯಾಕೆ ಬರೋದಿಲ್ಲ? ಹುಟ್ಟುವ ಪ್ರೋಟೀನ್ ಹಾಗೇ ಉಳಿಯುವುದಿಲ್ಲ. ದಾರಿಯುದ್ದಕ್ಕೂ ಕೋಶಗಳು ಅದನ್ನು ಒಳಗೆಳೆದುಕೊಂಡು ನಾಶ ಮಾಡುತ್ತಲೇ ಇರುತ್ತವೆ. ಒಂದು ಕಡೆ ಹುಟ್ಟು, ಎಲ್ಲಾ ಕಡೆ ಸಾವು. ಎರಡೂ ಸರಿದೂಗಿದಾಗ ಸಾಂದ್ರತೆಯ ಇಳಿಜಾರು ಹಾಗೇ ನಿಲ್ಲುತ್ತದೆ. ಎಷ್ಟು ಬೇಗ ಹರಡುತ್ತದೆ, ಎಷ್ಟು ಬೇಗ ನಾಶವಾಗುತ್ತದೆ ಅನ್ನುವುದರ ಮೇಲೆ ಇಳಿಜಾರಿನ ಉದ್ದ ನಿಂತಿದೆ. ಹಣ್ಣುನೊಣದ ರೆಕ್ಕೆಯಾಗಲಿರುವ ಅಂಗಾಂಶದಲ್ಲಿ 2007ರಲ್ಲಿ ಇದನ್ನು ಅಳೆದರು. ಡಿಪಿಪಿ ಅನ್ನುವ ಗ್ರೋತ್ ಫ್ಯಾಕ್ಟರ್ ಸುಮಾರು 20 ಮೈಕ್ರೋಮೀಟರಿಗೆ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ವಿಂಗ್‌ಲೆಸ್ ಅನ್ನುವ ಇನ್ನೊಂದು ಸುಮಾರು 6 ಮೈಕ್ರೋಮೀಟರಿಗೇ ಅಷ್ಟಕ್ಕೆ ಇಳಿದುಬಿಡುತ್ತದೆ.

ದೂರದ ಪ್ರಶ್ನೆಯನ್ನು ಡಿಎನ್‌ಎಯ ಫ್ರಾನ್ಸಿಸ್ ಕ್ರಿಕ್ 1970ರಲ್ಲೇ ಲೆಕ್ಕ ಹಾಕಿದ್ದರು. ಒಂದು ಮಿಲಿಮೀಟರ್ ಆಸುಪಾಸಿನ ದೂರವಾದರೆ ಕೆಲವು ಗಂಟೆಗಳಲ್ಲಿ ಇಳಿಜಾರು ಸಿದ್ಧ ಅಂದರು. ಭ್ರೂಣದ ಮುಖ್ಯ ನಿರ್ಧಾರಗಳೆಲ್ಲ ಆ ಅಳತೆಯಲ್ಲೇ ನಡೆಯುತ್ತವೆ. ಗೇಣುದ್ದದ ಮಗುವಿನಲ್ಲಿ ಯಾರೂ ಹೊಸದಾಗಿ ಬೆರಳು ಗೊತ್ತು ಮಾಡುವುದಿಲ್ಲ. ಅಷ್ಟೊತ್ತಿಗೆ ಕೈಯ ನಕ್ಷೆ ಮುಗಿದು ಬಹಳ ದಿನ ಆಗಿರುತ್ತದೆ, ಆಮೇಲಿನದು ಬೆಳವಣಿಗೆ ಮಾತ್ರ. ಅಂದಹಾಗೆ ವೋಲ್ಪರ್ಟ್ ಮೊದಲು ಓದಿದ್ದು ಸಿವಿಲ್ ಎಂಜಿನಿಯರಿಂಗ್, ಮಣ್ಣಿನ ಗುಣ ನೋಡುವ ಕೆಲಸ ಮಾಡಿದವರು. ನಿಮ್ಮ ಕಡೆಯವರೇ!

ಈಗ ಬೆರಳಿಗೆ ಬರೋಣ. ಕೈ ಶುರುವಾಗೋದು ಮೈಯ ಬದಿಯಲ್ಲಿ ಮೂಡುವ ಸಣ್ಣ ಮೊಗ್ಗಾಗಿ. ಮನುಷ್ಯರಲ್ಲಿ ಅದು ಗರ್ಭದ ನಾಲ್ಕನೇ ವಾರದ ಕೊನೆಯ ಹೊತ್ತು. ಮೊಗ್ಗಿನ ತುದಿಯಲ್ಲಿ ಒಂದು ಏಣು, ಅಂದರೆ ಉಬ್ಬಿದ ಅಂಚು, ಇರುತ್ತದೆ, ಅದು ಎಫ್‌ಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರ್ ಬಿಡುತ್ತದೆ. ಜಾನ್ ಸಾಂಡರ್ಸ್ 1948ರಲ್ಲಿ ಕೋಳಿ ಭ್ರೂಣದಲ್ಲಿ ಆ ಏಣನ್ನು ಕಿತ್ತು ನೋಡಿದರು. ರೆಕ್ಕೆ ಮೊಂಡಾಯಿತು. ಬೇಗ ಕಿತ್ತಷ್ಟೂ ಜಾಸ್ತಿ ಮೊಂಡು. ಎಷ್ಟೋ ವರ್ಷಗಳ ನಂತರ ಏಣಿನ ಜಾಗದಲ್ಲಿ ಎಫ್‌ಜಿಎಫ್‌ನಲ್ಲಿ ನೆನೆಸಿದ ಮಣಿ ಇಟ್ಟರು, ಬೆಳವಣಿಗೆ ಮುಂದುವರಿಯಿತು.

ಹೆಬ್ಬೆರಳು, ಕಿರುಬೆರಳಿನ ದಿಕ್ಕಿನ ಕಥೆ ಇನ್ನೂ ಚೆನ್ನಾಗಿದೆ. ಸಾಂಡರ್ಸ್ ಮತ್ತು ಗ್ಯಾಸೆಲಿಂಗ್ 1968ರಲ್ಲಿ ಒಂದು ಕೋಳಿ ಭ್ರೂಣದ ರೆಕ್ಕೆಮೊಗ್ಗಿನ ಹಿಂಬದಿಯ, ಅಂದರೆ ನಮ್ಮ ಕಿರುಬೆರಳಿನ ಕಡೆಯ, ಚೂರು ತೆಗೆದು ಇನ್ನೊಂದರ ಮುಂಬದಿಗೆ ಕಸಿ ಮಾಡಿದರು. ಕೋಳಿ ರೆಕ್ಕೆಯಲ್ಲಿ ಇರೋದು ಮೂರು ಬೆರಳು, ಹಳೇ ಲೆಕ್ಕದಲ್ಲಿ 2, 3, 4. ಕಸಿ ಮಾಡಿದ್ದರಲ್ಲಿ ಬಂದದ್ದು 4, 3, 2, 2, 3, 4. ಕನ್ನಡಿ ಇಟ್ಟಂತೆ! ಕಸಿಯಲ್ಲಿ ಕೋಶಗಳು ಕಮ್ಮಿ ಇದ್ದರೆ ಹೆಚ್ಚುವರಿಯಾಗಿ 2 ಮಾತ್ರ, ಜಾಸ್ತಿ ಹಾಕಿದರೆ 3, ಇನ್ನೂ ಜಾಸ್ತಿ ಹಾಕಿದರೆ 4 ಅಂತ ಆಮೇಲೆ ಚೆರಿಲ್ ಟಿಕಲ್ ತೋರಿಸಿದರು. ಮೇಷ್ಟ್ರ ಬಾವುಟಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಆದರೆ ಆ ವಸ್ತು ಯಾವುದು? 1982ರಲ್ಲಿ ರೆಟಿನಾಯ್ಕ್ ಆಮ್ಲದ (ವಿಟಮಿನ್ ಎಯಿಂದ ಆಗುವ ವಸ್ತು) ಮಣಿ ಇಟ್ಟರೂ ಅದೇ ಕನ್ನಡಿ ಬೆರಳು ಬಂತು. ಅದೇ ಮಾರ್ಫೋಜೆನ್ ಅಂತ ಸುಮಾರು ಹತ್ತು ವರ್ಷ ಓಡಿತು. ಕೊನೆಗೆ 1993ರಲ್ಲಿ ಕ್ಲಿಫ್ ಟ್ಯಾಬಿನ್ ಗುಂಪು ನಿಜವಾದ ಆಸಾಮಿಯನ್ನು ಹಿಡಿಯಿತು: ಸಾನಿಕ್ ಹೆಡ್ಜ್‌ಹಾಗ್ ಅನ್ನುವ ಪ್ರೋಟೀನ್. ಮುಂಬದಿಯ ಕೋಶಗಳಲ್ಲಿ ರೆಟಿನಾಯ್ಕ್ ಆಮ್ಲ ಈ ಸಾನಿಕ್ ಜೀನನ್ನು ಚಾಲೂ ಮಾಡುತ್ತಿತ್ತು, ಅದಕ್ಕೇ ಆ ಫಲಿತಾಂಶ.

ಗಡಿಬಿಡಿ_ಗುಂಡ:
ಸಾನಿಕ್? ವೀಡಿಯೊ ಗೇಮಿನ ನೀಲಿ ಮುಳ್ಳುಹಂದಿನಾ?? ಸುಮ್ನೆ ಕಾಲೆಳೀತಿದ್ದೀರಾ ಅಕ್ಕ?

ಹೊನ್ನಾವರದವಳು:
ಇಲ್ಲಪ್ಪ, ಅದೇ ಸಾನಿಕ್. ಮೊದಲು ಹೆಡ್ಜ್‌ಹಾಗ್ ಸಿಕ್ಕಿದ್ದು ಹಣ್ಣುನೊಣದಲ್ಲಿ, 1980ರಲ್ಲಿ. ಆ ಜೀನ್ ಕೆಟ್ಟ ಮರಿಹುಳದ ಮೈತುಂಬ ಮುಳ್ಳು, ಅದಕ್ಕೆ ಆ ಹೆಸರು. ಬೆನ್ನುಮೂಳೆ ಪ್ರಾಣಿಗಳಲ್ಲಿ ಅದೇ ಕುಟುಂಬದ ಮೂರು ಸಿಕ್ಕವು. ಎರಡಕ್ಕೆ ನಿಜವಾದ ಪ್ರಾಣಿಗಳ ಹೆಸರು: ಡೆಸರ್ಟ್ ಹೆಡ್ಜ್‌ಹಾಗ್, ಇಂಡಿಯನ್ ಹೆಡ್ಜ್‌ಹಾಗ್. ಮೂರನೆಯದಕ್ಕೆ ಗೇಮಿನ ಹೆಸರು. ನಮ್ಮ ಇಂಡಿಯನ್ ಎಲುಬು ಉದ್ದವಾಗುವ ಕೆಲಸ ನೋಡಿಕೊಳ್ಳುತ್ತದೆ.

ನಾಟಿಕೋಳಿ:
ನನಗೆ ಬಯಾಲಜಿ ಗೊತ್ತಿಲ್ಲ, ಕೋಳಿ ಗೊತ್ತು. ಮಾಮೂಲಿ ಕೋಳಿಗೆ ಕಾಲಲ್ಲಿ ನಾಲ್ಕು ಬೆರಳು. ಸಿಲ್ಕಿ ತಳಿಗೆ ಐದು. ತಲೆತಲಾಂತರದಿಂದ ಹಾಗೇ. ಇದಕ್ಕೂ ನೀವು ಹೇಳ್ತಿರೋದಕ್ಕೂ ಸಂಬಂಧ ಇದೆಯಾ ಮೇಡಂ?

ಹೊನ್ನಾವರದವಳು:
ನೇರ ಸಂಬಂಧ! ಸಾನಿಕ್ ಪ್ರೋಟೀನ್ ಯಾವ ಜಾಗದಲ್ಲಿ ಹುಟ್ಟಬೇಕು ಅಂತ ಹೇಳುವ ಒಂದು ಸ್ವಿಚ್ ಡಿಎನ್‌ಎಯಲ್ಲಿದೆ, ಹೆಸರು ಝಡ್‌ಆರ್‌ಎಸ್. ಮನುಷ್ಯರಲ್ಲಿ ಅದು ಸಾನಿಕ್ ಜೀನಿನಿಂದ ಸುಮಾರು 10 ಲಕ್ಷ ಅಕ್ಷರ ದೂರದಲ್ಲಿ, ಬೇರೊಂದು ಜೀನಿನ ಹೊಟ್ಟೆಯೊಳಗೆ ಕೂತಿದೆ. ಅಷ್ಟು ದೂರದಿಂದ ಕೆಲಸ ಮಾಡುತ್ತದೆ, ಅದೂ ಕೈಕಾಲುಗಳಿಗೆ ಮಾತ್ರ. ಅಲ್ಲಿ ಒಂದೇ ಅಕ್ಷರ ಬದಲಾದರೂ ಸಾಕು, ಸಾನಿಕ್ ಹಿಂಬದಿಯಲ್ಲಷ್ಟೇ ಅಲ್ಲದೆ ಹೆಬ್ಬೆರಳಿನ ಕಡೆಯೂ ಸ್ವಲ್ಪ ಹುಟ್ಟುತ್ತದೆ. ಸಾಂಡರ್ಸ್ ಕಸಿ ಮಾಡಿದ್ದನ್ನು ಡಿಎನ್‌ಎ ತಾನೇ ಮಾಡಿಕೊಂಡಂತೆ. ಸಿಲ್ಕಿ ಕೋಳಿಯ ಐದನೇ ಬೆರಳು ಇದೇ ಸ್ವಿಚ್ಚಿನದು. ಅಮೆರಿಕದ ಕೀ ವೆಸ್ಟ್‌ನಲ್ಲಿ ಲೇಖಕ ಹೆಮಿಂಗ್ವೇ ಮನೆಯ ಆರು ಬೆರಳಿನ ಬೆಕ್ಕುಗಳದೂ ಇದೇ. ಮನುಷ್ಯರ ಕೆಲವು ಮನೆತನಗಳಲ್ಲಿ ಹೆಬ್ಬೆರಳ ಕಡೆ ಹೆಚ್ಚುವರಿ ಬೆರಳು ಬರುವುದೂ ಇದರಿಂದಲೇ.

ಹಾವಿನಲ್ಲಿ ಈ ಸ್ವಿಚ್ ಕೆಟ್ಟುಹೋಗಿದೆ. 2016ರಲ್ಲಿ ಇಲಿಯ ಸ್ವಿಚ್ ತೆಗೆದು ಹಾವಿನದನ್ನು ಕೂರಿಸಿದಾಗ ಇಲಿಮರಿಗೆ ಕೈಕಾಲಿನ ಜಾಗದಲ್ಲಿ ಮೋಟು ಮಾತ್ರ ಬಂತು.

ಕಾಫಿಪುಡಿಯವರೇ, ನಿಮ್ಮ ಮನೆಯ ಮಗುವಿಗೂ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾರಣಗಳು ಬೇರೆ ಬೇರೆ ಇರುತ್ತವೆ.

ವಾರ್ಡ್‌ನಂ4:
ಮಕ್ಕಳ ವಿಭಾಗದಲ್ಲಿರುವ ವೈದ್ಯ ನಾನು, ಅದಕ್ಕೇ ಒಂದೆರಡು ಮಾತು. ಒಂದೇ ಕೈಯಲ್ಲಿ ಹೆಬ್ಬೆರಳು ಕವಲೊಡೆದದ್ದು ಬಹಳ ಸಲ ಒಂಟಿಯಾಗಿಯೇ ಬರುತ್ತದೆ, ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ, ಮಗು ಉಳಿದಂತೆ ಚೆನ್ನಾಗಿರುತ್ತದೆ. ದಾರ ಕಟ್ಟಿ ಉದುರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹೆಬ್ಬೆರಳಲ್ಲಿ ಎಲುಬು, ಕೀಲು, ಸ್ನಾಯು ಹಂಚಿಹೋಗಿರುತ್ತವೆ. ಎಕ್ಸ್‌ರೇ ನೋಡಿ, ಸಾಮಾನ್ಯವಾಗಿ ವರ್ಷ ತುಂಬುವ ಆಸುಪಾಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಗ್ರಹಣದ ಮಾತು. ನಾಲ್ಕನೇ ವಾರದ ಕೊನೆಗೆ ಮೊಗ್ಗು, ಎಂಟನೇ ವಾರ ಮುಗಿಯುವ ಹೊತ್ತಿಗೆ ಬೆರಳುಗಳು ಬಿಡಿಬಿಡಿ. ಆಮೇಲೆ ಬೆರಳಿನ ಲೆಕ್ಕ ಬದಲಾಗುವುದಿಲ್ಲ. ಗ್ರಹಣ ಬಂದಾಗ ಎಷ್ಟನೇ ತಿಂಗಳು ಅಂತ ಅತ್ತೆಯವರನ್ನು ಕೇಳಿ ನೋಡಿ.

ಕಾಫಿಪುಡಿ:
ಏಳನೇ ತಿಂಗಳು ಸರ್! ಇವತ್ತೇ ಫೋನ್ ಮಾಡುತ್ತೇನೆ.

ವಾರ್ಡ್‌ನಂ4:
ಸರಿ. ಆದರೆ "ಹೊರಗಿನದು ಯಾವುದೂ ಮುಟ್ಟೋದಿಲ್ಲ" ಅಂತಲೂ ತಿಳಿಯಬೇಡಿ. ಅಮೆರಿಕದ ಐಡಾಹೊದಲ್ಲಿ ಕಳೆದ ಶತಮಾನದ ನಡುವಿನಲ್ಲಿ ಒಂಟಿಕಣ್ಣಿನ ಕುರಿಮರಿಗಳು ಹುಟ್ಟುತ್ತಿದ್ದವು. ಹಣೆಯ ನಡುವೆ ಒಂದೇ ಕಣ್ಣು. ಹುಡುಕಿದರೆ, ತಾಯಿ ಕುರಿ ಗಬ್ಬವಾದ 14ನೇ ದಿನದ ಆಸುಪಾಸು ಬೆಟ್ಟದಲ್ಲಿ ಬೆಳೆಯುವ ವೆರಾಟ್ರಮ್ ಅನ್ನುವ ಗಿಡ ಮೇಯ್ದಿತ್ತು. ಅದರಲ್ಲಿದ್ದ ವಿಷಕ್ಕೆ ಸೈಕ್ಲೋಪಮೈನ್ ಅಂತ ಹೆಸರಾಯಿತು. ಅದು ತಡೆಯೋದು ಇದೇ ಸಾನಿಕ್ ಸಂಕೇತವನ್ನು. ಮುಖದ ನಡುಗೆರೆಯಲ್ಲಿ ಸಾನಿಕ್ ಇಲ್ಲದಿದ್ದರೆ ಒಂದು ಕಣ್ಣಿನ ಜಾಗ ಎರಡಾಗಿ ಒಡೆಯುವುದಿಲ್ಲ. ಸಾನಿಕ್ ಜೀನ್ ತೆಗೆದ ಇಲಿಗಳಲ್ಲೂ 1996ರಲ್ಲಿ ಅದೇ ಒಂಟಿಕಣ್ಣು ಕಂಡಿತು. ಅದೇ ಸಂಕೇತವನ್ನು ಅದೇ ಜಾಗದಲ್ಲಿ ತಡೆಯುವ ವಿಸ್ಮೊಡೆಗಿಬ್ ಈಗ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಔಷಧಿ, 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗರ್ಭಿಣಿಯರು ಅದರ ಹತ್ತಿರವೂ ಹೋಗಬಾರದು ಅನ್ನುವುದು ಇದಕ್ಕೇ.

ಬೆಳಗಾವಿ_ಬಿಎಸ್ಸಿ:
ಹೊನ್ನಾವರದ ಅಕ್ಕ, ನಮ್ಮ ಪಠ್ಯದಲ್ಲಿ "ಸಾನಿಕ್ ಜಾಸ್ತಿ ಇದ್ದಲ್ಲಿ ಕಿರುಬೆರಳು, ಕಮ್ಮಿ ಇದ್ದಲ್ಲಿ ಹೆಬ್ಬೆರಳು" ಅಂತ ಒಂದೇ ಸಾಲು. ನೀವು ಹೇಳೋದು ನೋಡಿದರೆ ಅಷ್ಟು ಸರಳ ಇಲ್ಲ ಅನ್ನಿಸುತ್ತದೆ?

ಹೊನ್ನಾವರದವಳು:
ಸರಳ ಇಲ್ಲ. ನನ್ನ ಅಭಿಪ್ರಾಯದಲ್ಲಿ ಆ ಸಾಲನ್ನು ಪಠ್ಯದಿಂದ ತೆಗೆಯುವ ಕಾಲ ಬಂದಿದೆ. ಮೂರು ಪ್ರಯೋಗ ಹೇಳುತ್ತೇನೆ, ನೀನೇ ನೋಡು.

2004ರಲ್ಲಿ ಟ್ಯಾಬಿನ್ ಗುಂಪಿನವರೇ ಇಲಿಯಲ್ಲಿ ಒಮ್ಮೆ ಸಾನಿಕ್ ಉತ್ಪಾದಿಸಿದ ಕೋಶಗಳಿಗೆಲ್ಲ ಅಳಿಸದ ಗುರುತು ಹಾಕಿದರು. ಆಮೇಲೆ ನೋಡಿದರೆ ಕಿರುಬೆರಳು, ಉಂಗುರ ಬೆರಳು ಪೂರ್ತಿ, ನಡುಬೆರಳು ಅರ್ಧಂಬರ್ಧ ಆ ಗುರುತಿನ ಕೋಶಗಳಿಂದಲೇ ಆಗಿದ್ದವು. ಅಂದರೆ ಇವು ದೂರದಿಂದ ಬಂದ ಸಾನಿಕ್ ಅಳೆದವಲ್ಲ, ತಾವೇ ಅದನ್ನು ತಯಾರಿಸುತ್ತಿದ್ದವು. ಇವುಗಳ ನಡುವೆ ವ್ಯತ್ಯಾಸ ಬಂದದ್ದು ಎಷ್ಟು ಹೊತ್ತು ಅದರಲ್ಲಿ ಇದ್ದವು ಅನ್ನುವುದರಿಂದ. ದೂರದಿಂದ ಹರಡಿ ಬಂದ ಸಾನಿಕ್ ಬೇಕಾಗಿದ್ದು ಮುಖ್ಯವಾಗಿ ತೋರುಬೆರಳಿಗೆ. ಹೆಬ್ಬೆರಳಿಗೆ ಸಾನಿಕ್ ಬೇಡವೇ ಬೇಡ.

ಎರಡನೆಯದು ನನ್ನ ಅಚ್ಚುಮೆಚ್ಚಿನದು. ಸಾನಿಕ್ ತೆಗೆದರೆ ಇಲಿಯ ಹಿಂಗಾಲಿನಲ್ಲಿ ಉಳಿಯೋದು ಒಂದೇ ಬೆರಳು. ಗ್ಲಿ3 ಅನ್ನುವ ಇನ್ನೊಂದು ಜೀನ್ ತೆಗೆದರೆ ಬೆರಳು ಜಾಸ್ತಿ. ಎರಡನ್ನೂ ಒಟ್ಟಿಗೆ ತೆಗೆದರೆ? 2002ರಲ್ಲಿ ಎರಡು ಗುಂಪುಗಳು ಇದನ್ನು ಮಾಡಿದವು. ಬೆರಳು ಜಾಸ್ತಿಯೇ ಬಂದವು! ಸಾನಿಕ್ ಒಂದು ಹನಿಯೂ ಇಲ್ಲದೆ ಬೆರಳುಗಳ ಸಾಲು. ಆದರೆ ಯಾವುದು ಹೆಬ್ಬೆರಳು, ಯಾವುದು ಕಿರುಬೆರಳು ಅಂತ ಗುರುತಿಲ್ಲ, ಎಲ್ಲಾ ಒಂದೇ ಥರ. ಬೆರಳು ಮಾಡುವ ಶಕ್ತಿ ಮೊಗ್ಗಿನಲ್ಲಿ ಮೊದಲೇ ಇದೆ ಅಂತ ಆಯಿತು. ಗ್ಲಿ3 ಅದನ್ನು ತಡೆದು ಹಿಡಿಯುತ್ತದೆ, ಸಾನಿಕ್ ಆ ತಡೆಯನ್ನು ಒಂದು ಬದಿಯಿಂದ ಸಡಿಲ ಮಾಡುತ್ತದೆ. ಸಂಖ್ಯೆಯನ್ನು ಐದಕ್ಕೆ ನಿಲ್ಲಿಸುವುದು, ಒಂದೊಂದಕ್ಕೂ ಬೇರೆ ಗುಣ ಕೊಡುವುದು ಇವರಿಬ್ಬರ ಜಗಳದಲ್ಲಿ.

ಹಾಗಾದರೆ ಬೆರಳು, ಸಂದು, ಬೆರಳು, ಸಂದು ಅನ್ನುವ ಸಾಲು ಎಲ್ಲಿಂದ ಬಂತು? ಇಲ್ಲಿ ಟ್ಯೂರಿಂಗ್ ಮತ್ತೆ ಬರುತ್ತಾರೆ. ಪರಸ್ಪರ ಕೆರಳಿಸುವ, ತಡೆಯುವ ಎರಡು ವಸ್ತುಗಳು ಬೇರೆ ಬೇರೆ ವೇಗದಲ್ಲಿ ಹರಡಿದರೆ ಪಟ್ಟೆಗಳು ತಾವಾಗೇ ಮೂಡುತ್ತವೆ ಅಂತ ಅವರ 1952ರ ಲೆಕ್ಕ. 2012ರಲ್ಲಿ ಗ್ಲಿ3 ಇಲ್ಲದ ಇಲಿಗಳಲ್ಲಿ ಮೈಯ ಯಾವ ಭಾಗ ಏನಾಗಬೇಕು ಅಂತ ಹೇಳುವ ಹಾಕ್ಸ್ ಜೀನ್‌ಗಳನ್ನೂ ಒಂದೊಂದಾಗಿ ಕಮ್ಮಿ ಮಾಡುತ್ತಾ ಹೋದರು. ಬೆರಳುಗಳು ತೆಳುವಾಗುತ್ತಾ, ಒತ್ತೊತ್ತಾಗುತ್ತಾ 14ರವರೆಗೆ ಹೋದವು. ಟ್ಯೂರಿಂಗ್ ಪಟ್ಟೆಯ ಅಗಲ ಕಿರಿದಾದರೆ ಆಗಬೇಕಾದದ್ದು ಇದೇ. 2014ರಲ್ಲಿ ಆ ಪಟ್ಟೆ ಬರೆಯುವ ಕೈಗಳು ಬಿಎಂಪಿ, ಡಬ್ಲ್ಯೂಎನ್‌ಟಿ ಅನ್ನುವ ಎರಡು ಸಂಕೇತ ಪ್ರೋಟೀನ್‌ಗಳು ಮತ್ತು ಜೀನ್ ಚಾಲೂ ಮಾಡುವ ಸಾಕ್ಸ್9 ಅಂತ ತೋರಿಸಿದರು.

ಮೇಷ್ಟ್ರು_ತಿಪಟೂರು:
ಅಂದರೆ ವೋಲ್ಪರ್ಟ್ ಬಾವುಟ ಇಳಿಸಿಬಿಡಬೇಕಾ?

ಹೊನ್ನಾವರದವಳು:
ಬೇಡ ಮೇಷ್ಟ್ರೇ! ಹಣ್ಣುನೊಣದ ಮೊಟ್ಟೆಯಲ್ಲಿ ಅದು ಇನ್ನೂ ಗಟ್ಟಿಯಾಗಿ ಹಾರುತ್ತಿದೆ. 1988ರಲ್ಲಿ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಡ್ ತೋರಿಸಿದ ಬೈಕಾಯ್ಡ್ ಪ್ರೋಟೀನ್ ಮೊದಲ ಸ್ಪಷ್ಟ ಉದಾಹರಣೆ. ಅದು ಗ್ರೋತ್ ಫ್ಯಾಕ್ಟರ್ ಅಲ್ಲ, ಜೀನ್ ಚಾಲೂ ಮಾಡುವ ಪ್ರೋಟೀನ್. ಆ ಹಂತದಲ್ಲಿ ನೊಣದ ಮೊಟ್ಟೆಯೊಳಗೆ ಕೋಶಗಳನ್ನು ಬೇರ್ಪಡಿಸುವ ಪೊರೆಯೇ ಇರುವುದಿಲ್ಲ, ಹಾಗಾಗಿ ಸಲೀಸಾಗಿ ಹರಡುತ್ತದೆ. ಅರ್ಧ ಮಿಲಿಮೀಟರ್ ಮೊಟ್ಟೆಯಲ್ಲಿ ಸುಮಾರು 100 ಮೈಕ್ರೋಮೀಟರಿಗೆ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುವ ಇಳಿಜಾರು.

ಪೈಪ್‌ಲೈನ್ ಸರ್ ಗಡಿ ನೀಟಾಗುವುದು ಹೇಗೆ ಅಂತ ಕೇಳಿದ್ದರಲ್ಲ, ಅದಕ್ಕೂ ಇಲ್ಲೇ ಅಳತೆ ಸಿಗುತ್ತದೆ. ಬೈಕಾಯ್ಡ್ ಚಾಲೂ ಮಾಡುವ ಹಂಚ್‌ಬ್ಯಾಕ್ ಜೀನಿನ ಗಡಿ ಒಂದು ಮೊಟ್ಟೆಯಿಂದ ಇನ್ನೊಂದಕ್ಕೆ ಮೊಟ್ಟೆಯುದ್ದದ ಸುಮಾರು ಶೇಕಡ 1ರಷ್ಟು ಮಾತ್ರ ಅತ್ತಿತ್ತ ಆಗುತ್ತದೆ. ಒಂದು ಕೋಶದ ಅಗಲಕ್ಕಿಂತ ಜಾಸ್ತಿ ಏನಿಲ್ಲ.

ಪೈಪ್‌ಲೈನ್:
ಇದು ನಿಜಕ್ಕೂ ಬೆರಗು. ಆದರೆ ಕೋಶ ಎಣಿಸೋದು ಹೇಗೆ?

ಹೊನ್ನಾವರದವಳು:
ಕಪ್ಪೆಯಲ್ಲಿ ಎಣಿಸಿದ್ದಾರೆ. ಜಾನ್ ಗರ್ಡನ್ ಲ್ಯಾಬಿನ ಕೆಲಸ, 1998. ಕಪ್ಪೆ ಭ್ರೂಣದ ಕೋಶದ ಮೇಲೆ ಆಕ್ಟಿವಿನ್ ಅನ್ನುವ ಗ್ರೋತ್ ಫ್ಯಾಕ್ಟರ್ ಹಿಡಿಯುವ ಗ್ರಾಹಕಗಳು ಸುಮಾರು 5000. ಅವುಗಳಲ್ಲಿ ಸುಮಾರು 100 ತುಂಬಿದರೆ ಒಂದು ಜೀನ್ ಚಾಲೂ, ಸುಮಾರು 300 ತುಂಬಿದರೆ ಇನ್ನೊಂದು. ಶೇಕಡ 2, ಶೇಕಡ 6. ಖಾಲಿ ಎಷ್ಟು ಉಳಿದಿವೆ ಅನ್ನುವುದು ಲೆಕ್ಕಕ್ಕಿಲ್ಲ, ತುಂಬಿದ್ದೆಷ್ಟು ಅನ್ನುವುದೇ ಮುಖ್ಯ.

ಸಾನಿಕ್ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಆ ಪ್ರೋಟೀನಿಗೆ ಕೊಲೆಸ್ಟರಾಲ್ ಅಂಟಿರುತ್ತದೆ. ಜಿಡ್ಡು ಅಂಟಿದ ಪ್ರೋಟೀನ್ ಕೋಶದ ಪೊರೆ ಬಿಟ್ಟು ನೀರಿನಲ್ಲಿ ತೇಲಿ ಹೋಗುವುದು ಹೇಗೆ? ಕೋಳಿಯ ಕೈಮೊಗ್ಗಿನಲ್ಲಿ ಕೋಶಗಳು ಉದ್ದನೆಯ, ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳನ್ನು ಚಾಚಿ ಸಾನಿಕ್ ದಾಟಿಸುವುದನ್ನು 2013ರಲ್ಲಿ ಕಂಡರು. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್ ಗುಂಪು 2008ರಲ್ಲಿ ನೊಣದ ಹೆಡ್ಜ್‌ಹಾಗ್ ಮೇಲೆ ಕೆಲಸ ಮಾಡಿ, ಅದು ಪೊರೆಯ ಮೇಲೆ ತೀರಾ ಸಣ್ಣ ಗುಂಪುಗಳಾಗಿ ಸೇರದಿದ್ದರೆ ದೂರ ಹೋಗಲಾರದು ಅಂತ ತೋರಿಸಿತು. ಪ್ರೋಟೀನಿನ ಆ ಗುಂಪುಗಳನ್ನು ಕೆಡಿಸಿದರೆ ಪಕ್ಕದ ಕೋಶಕ್ಕೆ ಸಂಕೇತ ಸಿಗುತ್ತದೆ, ದೂರದವಕ್ಕೆ ಸಿಗೋದಿಲ್ಲ.

ಇನ್ನು ವಿಂಗ್‌ಲೆಸ್. 2014ರಲ್ಲಿ ಅದನ್ನು ಪೊರೆಗೇ ಕಟ್ಟಿಹಾಕಿದ ನೊಣಗಳನ್ನು ಮಾಡಿದರು, ಎಲ್ಲಿಗೂ ಹರಡೋ ಹಾಗಿಲ್ಲ. ನೊಣ ಬದುಕಿತು, ರೆಕ್ಕೆಯೂ ಸ್ವಲ್ಪ ಚಿಕ್ಕದಾಗಿ, ಹೆಚ್ಚುಕಮ್ಮಿ ಸರಿಯಾಗೇ ಬಂತು. ಆ ಇಳಿಜಾರು ಅಲ್ಲಿ ಬೇಕೇ ಬೇಕು ಅಂತ ವರ್ಷಗಟ್ಟಲೆ ಪಾಠ ಮಾಡಿದವರಿಗೆ ಒಳ್ಳೆ ಪೆಟ್ಟು. ಡಿಪಿಪಿ ಬಗ್ಗೆ ಇನ್ನೂ ಕಿತ್ತಾಟ ನಡೆಯುತ್ತಲೇ ಇದೆ, ಅದಕ್ಕೆ ಬೇರೆ ಚರ್ಚೆಯೇ ಬೇಕು.

ನಾಟಿಕೋಳಿ:
ಕೊನೆಗೊಂದು. ನನ್ನ ಹತ್ತಿರ ಬಾತುಕೋಳಿಗಳೂ ಇವೆ. ಕೋಳಿಗೆ ಬಿಡಿ ಬೆರಳು, ಬಾತಿಗೆ ಬೆರಳ ನಡುವೆ ಚರ್ಮ. ಅದೂ ಇದೇ ಲೆಕ್ಕವಾ?

ಹೊನ್ನಾವರದವಳು:
ಹತ್ತಿರದ ಲೆಕ್ಕ. ಮೊದಲು ಎಲ್ಲರ ಕೈಕಾಲೂ ದೋಣಿಯ ಹುಟ್ಟಿನಂತೆ, ಬೆರಳ ನಡುವೆ ಪರದೆ ಇಟ್ಟುಕೊಂಡೇ ಇರುತ್ತದೆ, ನಮ್ಮದು ಸೇರಿ. ಬೆರಳ ಸಂದಿನಲ್ಲಿ ಬಿಎಂಪಿ ಸಂಕೇತ ಬಂದರೆ ಅಲ್ಲಿನ ಕೋಶಗಳು ಸಾಯುತ್ತವೆ, ಬೆರಳು ಬಿಡಿಯಾಗುತ್ತವೆ. ಬಾತಿನ ಸಂದಿನಲ್ಲೂ ಬಿಎಂಪಿ ಇದೆ. ಆದರೆ ಅದನ್ನು ಹಿಡಿದು ಕಟ್ಟಿಹಾಕುವ ಗ್ರೆಮ್ಲಿನ್ ಅನ್ನುವ ಪ್ರೋಟೀನೂ ಅಲ್ಲೇ ಇದೆ. ಹಾಗಾಗಿ ಕೋಶ ಉಳಿಯುತ್ತದೆ, ಚರ್ಮ ಉಳಿಯುತ್ತದೆ. ಕೋಳಿ ಭ್ರೂಣದ ಕಾಲಿನ ಸಂದಿನಲ್ಲಿ ಗ್ರೆಮ್ಲಿನ್ ಮಣಿ ಇಟ್ಟರೆ ಕೋಳಿಗೂ ಬಾತಿನಂತೆ ಪರದೆ ಬರುತ್ತದೆ. ಬಾವಲಿಯ ರೆಕ್ಕೆಯ ಚರ್ಮದಲ್ಲೂ ಗ್ರೆಮ್ಲಿನ್ ಸಿಕ್ಕಿದೆ, ಜೊತೆಗೆ ಆ ಸಂದಿನಲ್ಲಿ ಎಫ್‌ಜಿಎಫ್8 ಕೂಡ.

ನಾಟಿಕೋಳಿ:
ಪರದೆ ಇರೋ ಕೋಳಿ! ಸಂತೆಗೆ ತಂದರೆ ಯಾವ ರೇಟು ಹೇಳೋದು ಮೇಡಂ?